ನೀರು ಅಲ್ಲಾಡುವಷ್ಟು ಜಾಗ

ಹಗೇವಿನ ಬಾಯಿ ತೆರೆದಾಗ ಬರುತ್ತಿದ್ದ ವಾಸನೆ ಎಂಥದೆಂದು ಮಲ್ಲಕ್ಕ ಈ ಊರಿನಲ್ಲಿ ಯಾರಿಗೂ ತಿಳಿಸಿ ಹೇಳಲಾರಳು. ಹುಳಿ ಎಂದರೆ ಹುಳಿಯಲ್ಲ, ಮುಗ್ಗು ಎಂದರೆ ಮುಗ್ಗಲ್ಲ. ನೆಲದ ಹೊಟ್ಟೆಯಲ್ಲಿ ವರ್ಷಗಟ್ಟಲೆ ಬೆಚ್ಚಗೆ ಮಲಗಿದ್ದ ಜೋಳ ನಿದ್ದೆಯಲ್ಲಿ ಬಿಟ್ಟ ಉಸಿರಿನ ಹಾಗೆ ಇರುತ್ತಿತ್ತು ಅದು. ಮುದ್ದೇಬಿಹಾಳದ ಕಡೆಯ ಅವಳ ತವರಿನಲ್ಲಿ, ಮನೆಯ ಮುಂದೆಯೇ ಬಾವಿಯಂತೆ ಆಳಕ್ಕೆ ತೋಡಿದ ಆ ಕಾಳಿನ ಗುಂಡಿಗೆ ಒಬ್ಬರು ಇಳಿಯುವಷ್ಟು ಮಾತ್ರ ಬಾಯಿ. ಮುಚ್ಚಿದ ಕಲ್ಲು ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲೆಂದು ಬಿಸಿಲೇರುವವರೆಗೆ ಕಾದು, ಆಮೇಲೆ ಅಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ. ಬಾಯಿಯ ಪಕ್ಕದಲ್ಲಿ ಬೋರಲು ಮಲಗಿ ಒಳಗಿನ ಕತ್ತಲೆಗೆ ಕಿವಿ ಕೊಡುವುದು ಮಲ್ಲಕ್ಕನ ಕೆಲಸ. ಇಳಿದವನು ಸುಮ್ಮನಾಗಬಾರದು. ಶಿವನಾಮವೋ, ಬೈಗುಳವೋ, ಏನಾದರೂ ಅನ್ನುತ್ತಲೇ ಇರಬೇಕು. ದನಿ ನಿಂತಿತೋ, ಮೇಲಿನವರು ಹಗ್ಗ ಎಳೆಯಬೇಕು. ಅಪ್ಪ ಬುಟ್ಟಿಗೆ ಜೋಳ ತುಂಬುತ್ತ ಓಂ ನಮಃ ಶಿವಾಯ ಅನ್ನುತ್ತಿದ್ದ. ನಡುನಡುವೆ, “ಮಲ್ಲವ್ವಾ, ಅದೀಯಿಲ್ಲೋ?” ಎಂದು ಅವನೇ ಕೇಳುತ್ತಿದ್ದ, ಗುಂಡಿಯೊಳಗೆ ಇರುವವಳು ಅವಳೇ ಎಂಬಂತೆ.

ಚೆಂಬೂರಿನ ಈ ಸ್ಕ್ಯಾನ್ ಸೆಂಟರಿನ ನೆಲಮಾಳಿಗೆಯಲ್ಲಿ ಅಂಥ ವಾಸನೆಗೆ ಆಸ್ಪದವಿಲ್ಲ. ಫಿನೈಲು, ಎಸಿಯ ತಣ್ಣನೆ ಗಾಳಿ, ಪಕ್ಕದ ಕುರ್ಚಿಯಲ್ಲಿ ಕೂತವರ ತಲೆಯೆಣ್ಣೆ. ಆದರೂ ಕಳೆದ ಸಲ ಆ ದಪ್ಪ ಬಾಗಿಲು ತೆರೆದು, ಒಳಗಿನ ಬಿಳಿಯ ಯಂತ್ರದ ದುಂಡು ಬಾಯಿ ಕಂಡದ್ದೇ ತಡ, ಅವಳ ಮೂಗಿಗೆ ಹಗೇವು ಬಡಿದಿತ್ತು. ಬುದ್ಧಿ ಓಡುವ ಮೊದಲೇ ನಾಲಗೆ ಆಡಿತ್ತು. ಗಂಡನ ಕಿವಿಗೆ ಬಾಯಿಟ್ಟು, “ಒಳಗ ಸುಮ್ಮ ಮಲಗಬ್ಯಾಡ್ರಿ, ಶಿವನಾಮ ಅನಕೋತ ಇರ್ರಿ” ಎಂದು ಕೂಗಿ ಹೇಳಿಬಿಟ್ಟಿದ್ದಳು. ಶಾಂತಪ್ಪ ಹೆಂಡತಿಯ ಮಾತು ಮೀರಿದವನಲ್ಲ. ಯಂತ್ರ ಬಡಿದುಕೊಂಡಷ್ಟೂ ಅವನೂ ದನಿ ಏರಿಸಿದ್ದ. ಬಾಗಿಲ ಹೊರಗೆ ನಿಂತಿದ್ದ ಆಳು, “ಬಾಬಾ ಅಂದರ್ ಭಜನ್ ಕರ್ ರಹೇ ಹೈಂ” ಎಂದದ್ದಕ್ಕೆ ಕುರ್ಚಿಗಳ ಸಾಲೇ ನಕ್ಕಿತ್ತು. ಮಲ್ಲಕ್ಕನೂ ನಗಬೇಕಾಗಿ ಬಂತು. ಆಮೇಲೆ ತಿಳಿದದ್ದು, ಉಸಿರು ಹಿಡಿದು ಕಲ್ಲಿನಂತೆ ಬಿದ್ದಿರಬೇಕಾದ ಹೊತ್ತಿನಲ್ಲಿ ಅವನ ಹೊಟ್ಟೆ ಏರಿಳಿದು, ಡಾಕ್ಟರಿಗೆ ಯಾವ ಚಿತ್ರ ಬೇಕಿತ್ತೋ ಅದೇ ಕಲಸಿಹೋಗಿದೆ ಎಂದು. ಇನ್ನೊಮ್ಮೆ ಬರಬೇಕೆಂದರು. ಯಂತ್ರಕ್ಕೆ ಬಿಡುವಿರಲಿಲ್ಲ, ವಾರಗಳು ಕಳೆದವು. ಆ ವಾರಗಳಲ್ಲಿ ಗಂಡನ ಹೊಟ್ಟೆಯೊಳಗಿನ ಗಡ್ಡೆ ಏನು ಮಾಡುತ್ತಿತ್ತು ಎನ್ನುವುದನ್ನು ರೊಟ್ಟಿ ಬಡಿಯುವಾಗ, ನಳದ ಮುಂದೆ ಕೊಡ ಇಟ್ಟು ನಿಂತಾಗ, ಮಲ್ಲಕ್ಕ ಯೋಚಿಸಿದ್ದಳು. ತಾನು ಆಡಿದ ಒಂದು ಮಾತಿನಿಂದ ಅದಕ್ಕೆ ಅಷ್ಟು ಹೊತ್ತು ಸಿಕ್ಕಿತಲ್ಲ.

ನ್ಯೂರೋಎಂಡೊಕ್ರೈನ್ ಟ್ಯೂಮರ್. ಹೊಟ್ಟೆಯ ಹಿಂದಿನ ಗ್ರಂಥಿಯಲ್ಲೊಂದು ಗಡ್ಡೆ, ಲಿವರಿನಲ್ಲಿ ಅದರ ಮರಿಗಳು. ಆ ಉದ್ದ ಹೆಸರನ್ನು ಅವಳು ಬಾಯಿಪಾಠ ಮಾಡಿಕೊಂಡಿದ್ದಳು. ಗಂಡನ ಹೆಸರನ್ನು ಒಂದು ದಿನವೂ ಬಾಯಿಬಿಟ್ಟು ಹೇಳದವಳು ಅವನ ರೋಗದ ಹೆಸರನ್ನು ಲೋಕಲ್‌ನಲ್ಲಿ, ಒಲೆಯ ಮುಂದೆ, ಸೆರಗಿನ ಮರೆಯಲ್ಲಿ ಹೇಳಿ ಹೇಳಿ ನುಣುಪು ಮಾಡಿದ್ದಳು. ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ್ದರು, ಈ ಜಾತಿಯ ಗಡ್ಡೆಯಲ್ಲಿ ಎರಡು ಸ್ವಭಾವ ಇರುತ್ತದೆ ಎಂದು. ಕೆಲವರಲ್ಲಿ ಅದು ವರ್ಷಗಟ್ಟಲೆ ಮೆಲ್ಲಗೆ, ಇದ್ದೂ ಇಲ್ಲದಂತೆ ಇರುತ್ತದೆ; ಔಷಧ ಕೊಟ್ಟು ಅದರ ಜೊತೆ ಬಾಳುವೆ ಮಾಡಬಹುದು. ಕೆಲವರಲ್ಲಿ ಕಾಯುವುದಿಲ್ಲ. ಗಾತ್ರ ನೋಡಿ ಹೇಳಲಾಗದು. ಈ ಹೊಸ ಬಗೆಯ ಚಿತ್ರ ತೆಗೆದರೆ ಒಂದು ಅಂದಾಜು ಸಿಗುತ್ತದೆ, ಪರೀಕ್ಷೆಗೆ ತುಣುಕು ತೆಗೆಯಲು ಸೂಜಿ ಎಲ್ಲಿಗೆ ಹಾಕಬೇಕೆಂದು ಗೊತ್ತಾಗುತ್ತದೆ. ಮೆಲ್ಲಗೆ ಇರುವುದೋ, ಕಾಯದೆ ಓಡುವುದೋ? ಮಲ್ಲಕ್ಕನಿಗೆ ಬೇಕಾಗಿದ್ದದ್ದು ಇದಕ್ಕೆ ಉತ್ತರ ಮಾತ್ರ. ರೋಗ ಇಲ್ಲವೆನ್ನಿ ಎಂದು ಅವಳು ದೇವರನ್ನೂ ಕೇಳಿರಲಿಲ್ಲ. ಮೆಲ್ಲಗೆ ಎಂದರೆ ಸಾಕಾಗಿತ್ತು.

ಏಕೆಂದರೆ ಅವರದು ಇನ್ನೂ ಹೊಸ ಸಂಸಾರ. ಹೇಳಿದರೆ ನಗುತ್ತಾರೆ ಎಂದು ಹೇಳುವುದಿಲ್ಲ ಅಷ್ಟೇ. ಮಗಳಿಗೆ ಮದುವೆಯಾಗಿದೆ, ತಲೆ ಬೆಳ್ಳಗಾಗಿದೆ. ಮದುವೆಯಾದ ಮರುವರ್ಷವೇ ಶಾಂತಪ್ಪ ಊರ ಮಂದಿಯ ಜೊತೆ ಮುಂಬಯಿಗೆ ಬಂದ. ಅವಳು ಅತ್ತೆಯ ಜೊತೆ ಉಳಿದಳು. ಅವನು ಹಳೆಯ ಬಿಲ್ಡಿಂಗ್‌ಗಳ ಗೋಡೆ ಒಡೆಯುವ ಬ್ರೇಕರ್ ಮಷಿನ್ ಹಿಡಿದ. ಅವಳು ಕಳೆ ತೆಗೆದಳು. ಆದಿತ್ಯವಾರಕ್ಕೊಮ್ಮೆ ಊರಿನ ಕಿರಾಣಿ ಅಂಗಡಿಗೆ ಫೋನು ಬರುತ್ತಿತ್ತು. ಅಂಗಡಿಯಲ್ಲಿ ನಾಲ್ಕು ಮಂದಿ ಕೂತಿರುವರು, ಪಕ್ಕದಲ್ಲಿ ಅತ್ತೆ. “ಹ್ಞೂಂ ರಿ.” “ಹೌದ್ರಿ.” “ಆಕಳ ಕರಾ ಹಾಕೇತ್ರಿ.” ವಾರವೆಲ್ಲ ಗಂಟು ಕಟ್ಟಿಕೊಂಡು ಬಂದ ಮಾತು ಗಂಟು ಬಿಚ್ಚದೆ ಮನೆಗೆ ವಾಪಸಾಗುತ್ತಿತ್ತು. ಇರಲಿ, ಒಂದು ದಿನ ಎದುರೆದುರು ಕೂತು ಆಡಿದರಾಯಿತು ಎಂದು ಅವಳು ಅವನ್ನೆಲ್ಲ ಒಳಗೇ ಇಟ್ಟಳು. ಅತ್ತೆ ತೀರಿಕೊಂಡ ಮೇಲೆ, ಮಗಳನ್ನು ಸೊಲ್ಲಾಪುರಕ್ಕೆ ಕೊಟ್ಟ ಮೇಲೆ, ಟ್ರಂಕು ಹಿಡಿದು ವಡಾಲದ ಒಂದು ಖೋಲಿಗೆ ಬಂದು ಇಳಿದಾಗ ಗೊತ್ತಾಯಿತು, ಮಷಿನ್ ಅವನ ಕಿವಿಗಳನ್ನು ತಿಂದುಹಾಕಿದೆ ಎಂದು. ಅವನೂ ಫೋನಿನಲ್ಲಿ ಹೇಳಿರಲಿಲ್ಲ. ಕೂಗಿದರೆ ಕೇಳುತ್ತಿತ್ತು. ಕೂಗಿ ಆಡುವ ಮಾತುಗಳೇ ಬೇರೆ; ನಳ ಬಂತು, ಅಕ್ಕಿ ಮುಗಿಯಿತು, ಬಾಗಿಲು ಹಾಕಿರಿ. ಅವಳ ಬಳಿ ಇದ್ದವು ಕೂಗುವಂಥವಲ್ಲ. ಪಕ್ಕದ ಖೋಲಿಗೂ ಮೇಲಿನ ಮಾಳಿಗೆಗೂ ಕೇಳುವಂತೆ, ನೀವಿಲ್ಲದ ಮನಿಯಾಗ ನನಗ ಹೆಂಗಾಗಿತ್ತು ಅಂದ್ರ, ಎಂದು ಯಾವ ಹೆಂಗಸು ಕೂಗಿಯಾಳು?

ಶಾಂತಪ್ಪ ಈಗ ಅವಳ ಪಕ್ಕದಲ್ಲಿ ಆಸ್ಪತ್ರೆಯ ನೀಲಿ ಅಂಗಿ ತೊಟ್ಟು ಕೂತಿದ್ದ. ಅಂಗಿಯ ಲಾಡಿಗಳು ಬೆನ್ನ ಹಿಂದೆ. ಅವನ ಕೈಗೆ ಎಟುಕವು. ಮಲ್ಲಕ್ಕ ಎದ್ದು ಕಟ್ಟಿದಳು. ಗೋಡೆ ಒಡೆದ ಬೆನ್ನು ಇಷ್ಟು ಚಿಕ್ಕದಾಯಿತೇ ಎಂದು ಒಂದು ಗಳಿಗೆ ಅಂಗೈ ಅಲ್ಲೇ ಇಟ್ಟಳು. ಎದುರಿನ ಕುರ್ಚಿಯ ಗುಜರಾತಿ ಹೆಂಗಸು, ನೋಡಿದ್ದನ್ನು ನೋಡದವಳಂತೆ, ತನ್ನ ಮೊಬೈಲಿನ ಕಡೆ ತಿರುಗಿಕೊಂಡಳು. ಅಷ್ಟು ಮರ್ಯಾದೆ ತೋರಿಸುವವರೂ ಈ ಊರಿನಲ್ಲಿ ಇದ್ದಾರೆ.

“ಶಾಂತಪ್ಪ ಅಂಕಲ್?” ಬಾಗಿಲಲ್ಲಿ ಒಂದು ಹುಡುಗಿ ನಿಂತಿದ್ದಳು. ಯಂತ್ರ ನಡೆಸುವವಳು, ಕಳೆದ ಸಲ ಇದ್ದವನು ಬೇರೆ. ಎದೆಯ ಮೇಲಿನ ಚೀಟಿಯಲ್ಲಿ ಯಕ್ಷಿತಾ ಎಂದಿತ್ತು. ಹಿಂದಿಯಲ್ಲಿ ಏನೋ ಕೇಳಿದಳು. ಶಾಂತಪ್ಪ ಅವಳ ತುಟಿಗಳನ್ನು ನೋಡುತ್ತ ತಲೆ ಆಡಿಸಿದ. ಮಲ್ಲಕ್ಕ ನಡುವೆ ಬಾಯಿ ಹಾಕಿ, “ಅವರಿಗೆ ಕೇಳಸೂದಿಲ್ರಿ, ಜೋರ್ ಸೇ ಬೋಲೋ” ಎಂದು ಎರಡು ಭಾಷೆ ಕಲಸಿದಳು.

“ಅಯ್ಯೋ, ಕನ್ನಡಾನಾ ಆಂಟಿ?” ಹುಡುಗಿಯ ಮುಖ ಅರಳಿತು. “ನಂಗೆ ಸ್ವಲ್ಪ ಸ್ವಲ್ಪ ಬರುತ್ತೆ. ಮನೇಲಿ ತುಳು. ಅಜ್ಜಿ ಮಾತ್ರ ಕನ್ನಡ ಪೇಪರ್ ಓದೋದು. ನಗಬಾರದು ಆಯ್ತಾ, ತಪ್ಪು ಮಾತಾಡಿದ್ರೆ.”

“ನಗೂದ್ಯಾಕವಾ. ನಮ್ಮ ಹಿಂದಿ ಕೇಳಿ ನೀವ ನಗಬೇಕು.”

ಯಕ್ಷಿತಾ ಕೈಯಲ್ಲಿದ್ದ ಕಾಗದ ನೋಡಿ ಸ್ವಲ್ಪ ಗಂಭೀರಳಾದಳು. “ಲಾಸ್ಟ್ ಟೈಮ್ ಡಿಫ್ಯೂಷನ್ ಇಮೇಜ್ ಎಲ್ಲ ಬ್ಲರ್ ಆಗಿದೆ. ಅಂಕಲ್ ಮಾತಾಡ್ತಾ ಇದ್ರಂತೆ.”

“ನಾನಽ ಹೇಳಿದ್ನಿರಿ, ಮಾತಾಡ್ರಿ ಅಂತ.” ಮಾತು ತಾನಾಗಿ ಹೊರಬಿತ್ತು. ಹಗೇವು, ಹಗ್ಗ, ಕೆಟ್ಟ ಗಾಳಿ, ಯಾವುದನ್ನು ಈ ಹುಡುಗಿಗೆ ಹೇಗೆ ಹೇಳುವುದು? “ನಮ್ಮ ಕಡೆ, ತೆಗ್ಗಿನಾಗ ಇಳದವರು ಸುಮ್ಮಾದ್ರ ಸತ್ರು ಅಂತ ತಿಳೀತಾರ. ಅದಕ್ಕ...”

ಯಕ್ಷಿತಾ ನಗಲಿಲ್ಲ. ಬೆರಳಿನಿಂದ ಕಾಗದದ ಅಂಚನ್ನು ಮಡಿಸುತ್ತ ಏನೋ ಯೋಚಿಸಿದಳು. “ಇದ್ರಲ್ಲಿ ರೆಕಾರ್ಡ್ ಮಾಡಿದ್ದು ಇರುತ್ತೆ ಆಂಟಿ, ಸಾಂಸ್ ರೋಕೋ, ಸಾಂಸ್ ಛೋಡೋ ಅಂತ. ಅದು ಅಂಕಲ್‌ಗೆ ಗೊತ್ತಾಗಲ್ಲ ಅಲ್ವಾ. ಹೆಡ್‌ಫೋನ್ ಫುಲ್ ಇಡ್ತೀನಿ. ನೀವು ಬನ್ನಿ ನನ್ ಜೊತೆ. ಮೈಕ್‌ನಲ್ಲಿ ನೀವೇ ಹೇಳಿ.”

“ನಾನರೀ?”

“ನಿಮ್ದೇ ದನಿ ಗೊತ್ತಾಗುತ್ತೆ ಅವರಿಗೆ.”

ಗಾಜಿನ ಈಚೆಗೆ ಚಿಕ್ಕ ಕೋಣೆ, ಎರಡು ಪರದೆ, ಒಂದು ಮೈಕು, ಅರ್ಧ ಕುಡಿದ ಚಹಾ. ಆಚೆಗೆ ಬಿಳಿಯ ಬಾಯಿಯೊಳಗೆ ಶಾಂತಪ್ಪ ಮಾಯವಾಗಿದ್ದ. ಕಾಣುತ್ತಿದ್ದದ್ದು ಅಂಗಾಲು ಮಾತ್ರ, ಸಿಮೆಂಟು ತಿಂದು ಬಿರಿದ ಅಂಗಾಲು. ಯಕ್ಷಿತಾ ಅದರ ಮೇಲೂ ಹೊದಿಕೆ ಎಳೆದು ಬಂದಳು. ಒಂದು ಗುಂಡಿ ತೋರಿಸಿ, ಒತ್ತಿ ಹಿಡಿದು ಮಾತಾಡಿ ಎಂದಳು. ಮಲ್ಲಕ್ಕ ಒತ್ತಿದಳು. ಕಿರಾಣಿ ಅಂಗಡಿಯ ಕರಿಯ ಫೋನು, ಬೆಲ್ಲದ ಡಬ್ಬಿಯ ಮೇಲಿನ ಇರುವೆ, ಅತ್ತೆಯ ಕೆಮ್ಮು, ಎಲ್ಲವೂ ಒಟ್ಟಿಗೆ ನೆನಪಾದವು.

“ಏನ್ರೀ,” ಎಂದಳು. “ಕೇಳಸ್ತೈತೇನ್ರಿ?”

ಕೂಗಿರಲಿಲ್ಲ ಅವಳು. ಮೆಲ್ಲಗೆ, ತನಗೇ ಹೇಳಿಕೊಂಡಂತೆ ಹೇಳಿದ್ದಳು. ಕೋಣೆಯ ಸ್ಪೀಕರಿನಿಂದ ಗಂಡನ ದನಿ ಬಂತು: “ಹಾಂ, ಕೇಳಸ್ತೈತಿ. ಎಲ್ಲಿಂದ ಮಾತಾಡಾಕತ್ತಿ?”

ಹಿಂದೆ ಪ್ರತಿ ಆದಿತ್ಯವಾರವೂ ಅವನು ಹೀಗೇ ಕೇಳುತ್ತಿದ್ದ, ಅಂಗಡಿಯಲ್ಲದೆ ಬೇರೆಲ್ಲಿಂದಲೋ ಅವಳು ಮಾತಾಡುವ ಸಾಧ್ಯತೆ ಇದ್ದಂತೆ. ಮಲ್ಲಕ್ಕ ಗಾಜಿಗೆ ಹಣೆ ಹಚ್ಚಿದಳು. “ಇಲ್ಲೇ ಅದೀನ್ರಿ. ನಾ ಹಿಡೀರಿ ಅಂದಾಗ ಉಸರ ಹಿಡೀರಿ. ಬಿಡ್ರಿ ಅಂದಾಗ ಬಿಡ್ರಿ. ನಡುವ ಏನೂ ಮಾತಾಡಬ್ಯಾಡ್ರಿ. ಶಿವನಾಮಾನೂ ಬ್ಯಾಡ.”

“ಆತು,” ಎಂದ ಶಾಂತಪ್ಪ. “ಅದನ್ನ ನೀ ಅನ್ನು ಹಂಗಾರ.” ಯಕ್ಷಿತಾ ಅರ್ಥ ಮಾಡಿಕೊಂಡು ಕಿಸಕ್ಕನೆ ನಕ್ಕಳು.

ಯಂತ್ರ ಬಡಿಯತೊಡಗಿತು. ಗೋಡೆ ಒಡೆಯುವ ಮಷಿನ್ನಿನ ಸದ್ದು ಹೀಗೇ ಇದ್ದೀತು. ಅವನು ಇದರಲ್ಲೇ ತನ್ನ ಪ್ರಾಯವನ್ನೆಲ್ಲ ಕಳೆದನಲ್ಲ, ಈಗ ಮಲಗಿದಲ್ಲಿಗೂ ಅದೇ ಹುಡುಕಿಕೊಂಡು ಬಂತಲ್ಲ. ಯಕ್ಷಿತಾ ಕೈ ಎತ್ತಿದಾಗ ಮಲ್ಲಕ್ಕ ಹಿಡೀರಿ ಎಂದಳು; ಇಳಿಸಿದಾಗ ಬಿಡ್ರಿ ಎಂದಳು. ಹಿಡೀರಿ ಎಂದಾಗಲೆಲ್ಲ ಅವಳೂ ಉಸಿರು ಹಿಡಿದಳು. ಹಗೇವಿನ ಬಾಯಲ್ಲಿ ದನಿ ನಿಂತರೆ ಸಾವು. ಇಲ್ಲಿ ದನಿ ನಿಂತಷ್ಟೂ ಒಳ್ಳೆಯದು, ಅವನು ಎಷ್ಟು ಸ್ತಬ್ಧನಾದರೆ ಅಷ್ಟು ನಿಚ್ಚಳವಾಗಿ ಅವನ ಒಳಗು ಕಾಣುತ್ತದೆ. ಪರದೆಯ ಮೇಲೆ ಬೂದು ಬಣ್ಣದ ಒಂದು ಅಡ್ಡಕೊಯ್ತ ಮೂಡಿತು, ಅದರ ಮೇಲೆ ಇನ್ನೊಂದು. ಇದು ಅವನೇ? ಇಷ್ಟು ವರ್ಷ ಅವಳು ಕಾಣಬಯಸಿದ ಗಂಡನ ಒಳಗೆಂದರೆ ಈ ಮೋಡದಂಥ ಬಿಲ್ಲೆಗಳೇ?

“ಏನ್ ನೋಡ್ತೀರವಾ ಇದರಾಗ?” ಎಂದು ಒಂದು ಬಿಡುವಿನಲ್ಲಿ ಕೇಳಿದಳು.

“ನೀರು ಆಂಟಿ.” ಯಕ್ಷಿತಾ ಪರದೆಯಿಂದ ಕಣ್ಣು ತೆಗೆಯದೆ ಹೇಳಿದಳು. “ಮೈಯಲ್ಲೆಲ್ಲ ನೀರೇ ಅಲ್ವಾ. ಅದು ಸುಮ್ನಿರಲ್ಲ, ಅಲ್ಲಾಡ್ತಾ ಇರುತ್ತೆ. ಎಷ್ಟು ಅಲ್ಲಾಡುತ್ತೆ ಅಂತ ಮಷಿನ್ ನೋಡುತ್ತೆ. ಈಗ ಆಫೀಸ್ ಟೈಮ್‌ನಲ್ಲಿ ಲೋಕಲ್ ಹತ್ತಿದ್ರೆ? ಕೈ ಎತ್ತೋಕೂ ಆಗಲ್ಲ. ಮಧ್ಯಾಹ್ನ ಹತ್ತಿದ್ರೆ ಆರಾಮ್ ಓಡಾಡಬಹುದು. ಹಾಗೇ. ಗಡ್ಡೇಲಿ ಸೆಲ್ಸ್ ತುಂಬಾ ಟೈಟಾಗಿ ತುಂಬ್ಕೊಂಡಿದ್ರೆ ನೀರಿಗೆ ಜಾಗ ಇಲ್ಲ. ಅಂಥಾದ್ದು ಫಾಸ್ಟ್ ಬೆಳೆಯೋದು ಜಾಸ್ತಿ. ಜಾಗ ಇದ್ರೆ, ಮೋಸ್ಟ್ಲಿ ಸ್ಲೋ.”

“ಇವರಿಗೆ ಜಾಗಾ ಐತೇನ್ರಿ?”

“ಅದು ಡಾಕ್ಟರ್ ಹೇಳ್ಬೇಕು ಆಂಟಿ. ನಾನು ಹೇಳೋ ಹಾಗಿಲ್ಲ,” ಎಂದಳು, ಮತ್ತು ಮಲ್ಲಕ್ಕನ ಕೈ ಮೇಲೆ ತನ್ನ ತಣ್ಣನೆಯ ಕೈಯನ್ನು ಒಂದು ಕ್ಷಣ ಇಟ್ಟು ತೆಗೆದಳು. ಮಲ್ಲಕ್ಕ ಚಿತ್ರ ಬಿಟ್ಟು ಅವಳ ಮುಖವನ್ನೇ ಓದತೊಡಗಿದಳು. ಹುಬ್ಬು ಗಂಟಾದರೆ ಓಡುವುದು, ಸಡಿಲವಾದರೆ ಮೆಲ್ಲಗೆ. ಆದರೆ ಆ ಮುಖ ಕೆಲಸ ಮಾಡುವವರ ಮುಖವಾಗಿತ್ತು. ಅದರಲ್ಲಿ ಅವಳಿಗಾಗಿ ಏನೂ ಬರೆದಿರಲಿಲ್ಲ.

ಸದ್ದು ನಿಂತಿತು. “ಎಲ್ಲ ಚೆನ್ನಾಗಿ ಬಂದಿದೆ, ಒಂದೂ ಹಾಳಾಗಿಲ್ಲ,” ಎಂದ ಯಕ್ಷಿತಾ ಎದ್ದು ನಿಂತು, ಏನೋ ನೆನಪಾದವಳಂತೆ ಕಪಾಟಿನ ಕಡೆ ತಿರುಗಿ ಅಲ್ಲಿ ಇಲ್ಲದ ಯಾವುದನ್ನೋ ಹುಡುಕತೊಡಗಿದಳು. “ಮೈಕ್ ಆನ್ ಇದೆ ಆಂಟಿ. ನಂಗೆ ಸ್ವಲ್ಪ ಕೆಲಸ ಇದೆ. ಬೇಕಿದ್ರೆ ಮಾತಾಡ್ತಿರಿ.”

ಈಗ ಅವನ ಕಿವಿಯೊಳಗೇ ಅವಳ ದನಿ ಇತ್ತು. ಕೂಗಬೇಕಾಗಿರಲಿಲ್ಲ. ಕೇಳಿಸಿಕೊಳ್ಳುವ ಅತ್ತೆ ಇರಲಿಲ್ಲ. ಇದ್ದ ಒಬ್ಬಳು ಬೆನ್ನು ತಿರುಗಿಸಿದ್ದಳು. ಗಂಟು ಕಟ್ಟಿಟ್ಟ ಮಾತುಗಳಲ್ಲಿ ಯಾವುದನ್ನು ಮೊದಲು ತೆಗೆಯಲಿ? ಮಗಳಿಗೆ ಜ್ವರ ಬಂದು ಎಚ್ಚರ ತಪ್ಪಿದ್ದು? ನಿಮ್ಮ ಅಂಗಿಯನ್ನು ಒಗೆಯದೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದು? ಒಮ್ಮೆ ಸಿಟ್ಟು ಬಂದು, ನೀವು ಅಲ್ಲಿ ಯಾರನ್ನೋ ಇಟ್ಟುಕೊಂಡಿದ್ದೀರೆಂದು ಹೊಲದ ಬದುವಿನ ಮೇಲೆ ಕೂತು ಅತ್ತದ್ದು?

“ಥಂಡಿ ಹತ್ತೈತೇನ್ರಿ?” ಎಂದಳು.

“ಇಲ್ಲ,” ಎಂದಿತು ಸ್ಪೀಕರು. “ನೀ ಇನ್ನಷ್ಟ ಮಾತಾಡು.”

ಮಲ್ಲಕ್ಕ ಬಾಯಿ ತೆರೆದಳು. “ಮಳಿ ನಿಂತಂಗ ಕಾಣತೈತಿ,” ಎಂದಳು. “ನಮ್ಮ ಖೋಲಿ ಮುಂದ ನೀರ ನಿಂತಿರತೈತಿ. ಒಣ ಹಾಕಿದ ಧೋತರ ಒಳಗ ತಂದಽ ಬಂದೀನಿ. ಬಾಜೂದವರ ಬೆಕ್ಕ ಮತ್ತ ನಮ್ಮ ಕಟ್ಟೀಮ್ಯಾಲೇ ಮಲಗಿತ್ತು, ನಾ ಏನೂ ಅನ್ನಲಿಲ್ಲ...” ಹೊದಿಕೆಯ ಕೆಳಗೆ ಅವನ ಪಾದಗಳು ಒಂದರ ಮೇಲೊಂದು ಬಂದು ಹಾಯಾಗಿ ಕೂತವು. ಅವಳು ಹೇಳುತ್ತಲೇ ಇದ್ದಳು. ಹೇಳಬೇಕಾದದ್ದು ಯಾವುದೂ ಅಲ್ಲ, ಆದರೂ ಹೇಳುತ್ತಲೇ ಇದ್ದಳು.

ಸ್ಕ್ಯಾನ್ ಸೆಂಟರಿನ ಡಾಕ್ಟರು ಮಧ್ಯಾಹ್ನ ಕರೆದರು. ವಯಸ್ಸಾದ ಮರಾಠಿ ಮನುಷ್ಯ. ಶಾಂತಪ್ಪನಿಗೆ ಕೇಳಿಸದೆಂದು ತಿಳಿದ ಮೇಲೂ ಅವನ ಕಡೆಗೇ ಮುಖ ಮಾಡಿ ಮಾತಾಡಿದರು. ಗ್ರಂಥಿಯಲ್ಲಿರುವ ಗಡ್ಡೆಯಲ್ಲಿ ನೀರು ಚೆನ್ನಾಗಿ ಓಡಾಡುತ್ತಿದೆ, ಲಿವರಿನಲ್ಲಿರುವ ಹೆಚ್ಚಿನವುಗಳಲ್ಲೂ ಹಾಗೇ. ಅವೆಲ್ಲ ಮೆಲ್ಲಗಿನ ಜಾತಿ ಇರಬಹುದು. ಒಂದು ಮಾತ್ರ, ಬಲಗಡೆಯದು, ಬಿಗಿಯಾಗಿದೆ. ಸೂಜಿಯನ್ನು ಅಲ್ಲಿಗೇ ಹಾಕಬೇಕು. ಅದರಿಂದ ತೆಗೆದ ತುಣುಕು ಹೇಳುವವರೆಗೆ ಯಾರೂ ಏನೂ ಹೇಳಬಾರದು. ಮಲ್ಲಕ್ಕನ ಊರಿನಿಂದ ಮಹಾರಾಷ್ಟ್ರ ದೂರವಲ್ಲ; ಅವಳಿಗೆ ಎಲ್ಲ ಅರ್ಥವಾಯಿತು. ಕಳೆದ ಸಲವೇ ಚಿತ್ರ ಸರಿ ಬಂದಿದ್ದರೆ ಆ ಒಂದು ಇಷ್ಟು ಬಿಗಿಯಾಗುತ್ತಿರಲಿಲ್ಲವೇ ಎಂದು ಕೇಳಿದಳು. ಡಾಕ್ಟರು ಕನ್ನಡಕ ತೆಗೆದರು. “ನಾಹೀ ಮಾವಶಿ,” ಎಂದರು. “ಕೆಲವೇ ವಾರಗಳಲ್ಲಿ ಇಂಥದ್ದು ಹುಟ್ಟುವುದಿಲ್ಲ. ಅದು ಮೊದಲೇ ಇತ್ತು.” ಆಮೇಲೆ ಜಗ್ಗಿನಿಂದ ಲೋಟಕ್ಕೆ ನೀರು ತಾವೇ ಬಗ್ಗಿಸಿ ಅವಳ ಮುಂದೆ ಸರಿಸಿದರು. ಅವಳು ಕುಡಿದಳು. ತಪ್ಪು ತನ್ನದಲ್ಲವೆಂದರೆ ಹಗುರಾಗಬೇಕಿತ್ತು. ಆಗಲಿಲ್ಲ, ತನ್ನದಾಗಿದ್ದರೆ ಏನಾದರೂ ಮಾಡಬಹುದಿತ್ತು ಎನಿಸಿತು.

ಹಾರ್ಬರ್ ಲೈನಿನ ಗಾಡಿ ಖಾಲಿಯಾಗಿತ್ತು. ಇಬ್ಬರೂ ಕಿಟಕಿಯ ಪಕ್ಕ ಎದುರೆದುರು ಕೂತರು. ತಿಲಕನಗರ ದಾಟಿದ ಮೇಲೆ ಶಾಂತಪ್ಪ ಮುಂದೆ ಬಾಗಿ, “ಏನಂದ್ರು?” ಎಂದ. ಕಿವುಡರು ಕೇಳುವಂತೆ ಜೋರಾಗಿ. ಬಾಗಿಲಲ್ಲಿ ನಿಂತವರು ತಿರುಗಿ ನೋಡಿದರು. ಮಲ್ಲಕ್ಕನಿಗೆ ಉತ್ತರವನ್ನು ಕೂಗಬೇಕಿತ್ತು. ಎಲ್ಲಾ ಮೆಲ್ಲಗ ಅದಾವ್ರಿ, ಒಂದಽ ಒಂದು ಅಲ್ಲ. ಅದನ್ನು ಕೂಗುವುದು ಹೇಗೆ? ಕೈ ಎತ್ತಿ, ಅಂಗೈಯನ್ನು ಗಾಳಿಯಲ್ಲಿ ನಿಧಾನವಾಗಿ ಆಡಿಸಿದಳು, ಮಗುವನ್ನು ತಟ್ಟುವ ಹಾಗೆ. ಆಮೇಲೆ ಒಂದು ಬೆರಳನ್ನು ಎತ್ತಿದಳು, ಬಿಗಿಯಾಗಿ ಮುಷ್ಟಿ ಕಟ್ಟಿ ತೋರಿಸಿದಳು. ಶಾಂತಪ್ಪ ಆ ಮುಷ್ಟಿಯನ್ನು ಬಹಳ ಹೊತ್ತು ನೋಡಿದ. ಅರ್ಥವಾಯಿತೋ ಇಲ್ಲವೋ. ಕೈ ಚಾಚಿ, ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಅವಳ ತೊಡೆಯ ಮೇಲೆ ಇಟ್ಟು, ಹೊರಗೆ ಚುನಾಭಟ್ಟಿಯ ಒದ್ದೆ ಗೋಡೆಗಳನ್ನು ನೋಡುತ್ತ ಕೂತ. ಗಾಡಿ ಕುಲುಕಿದಾಗಲೆಲ್ಲ ಇಬ್ಬರ ಮೊಣಕಾಲುಗಳು ತಾಗುತ್ತಿದ್ದವು. ವಡಾಲ ಬರದೇ ಇರಲಿ, ಗಾಡಿ ಎಲ್ಲಾದರೂ ಸಿಗ್ನಲಿಗೆ ನಿಂತುಬಿಡಲಿ ಎಂದು ಮಲ್ಲಕ್ಕ ಬಯಸಿದಳು. ಸ್ಟೇಷನ್ ಬಂತು.

ಮನೆ ತಲುಪಿದವಳು ಸೀರೆ ಬದಲಿಸಲಿಲ್ಲ. ಗೋಡೆಗೆ ಒರಗಿ ಕೂತವಳಿಗೆ ಕಣ್ಣು ಹತ್ತಿದ್ದೇ ಗೊತ್ತಾಗಲಿಲ್ಲ. ಎಚ್ಚರವಾದಾಗ ಹೊರಗೆ ಸಂಜೆಯ ಬೆಳಕು, ಯಾರೋ ಯಾರನ್ನೋ ನೀರಿಗೆ ಕರೆಯುತ್ತಿದ್ದರು. ಒಲೆಯ ಮುಂದೆ ಶಾಂತಪ್ಪ ಕುಕ್ಕರುಗಾಲಲ್ಲಿ ಕೂತಿದ್ದ. ಅವಳು ಧಡಕ್ಕನೆ ಮೇಲೇಳಲು ಹೋದಳು. “ನೀವ್ಯಾಕ್ರಿ, ಬಿಡ್ರಿ, ನಾ ಮಾಡ್ತೀನಿ” ಎಂದಳು. ಅವನ ಬೆನ್ನು ಅವಳ ಕಡೆಗಿತ್ತು, ಅವನಿಗೆ ಕೇಳಿಸಲಿಲ್ಲ. ಇಲ್ಲಿಗೆ ಬಂದ ದಿನದಿಂದ ಅವಳು ಅವನನ್ನು ಒಲೆಯ ಹತ್ತಿರ ಬಿಟ್ಟವಳಲ್ಲ. ಈಗ ನೋಡಿದರೆ ಆ ಕೈಗಳಿಗೆ ಎಲ್ಲ ಗೊತ್ತಿತ್ತು. ಕಡಲೆ ಹಿಟ್ಟನ್ನು ಎಡಗೈಯಿಂದ ಉದುರಿಸುತ್ತ ಬಲಗೈಯಿಂದ ತಿರುವಿದ. ಗಂಟು ಕಟ್ಟದಂತೆ ಚಮಚೆಯ ಬೆನ್ನಿನಿಂದ ಒತ್ತಿದ. ಪಾತ್ರೆಯನ್ನು ಒಂದು ಬಟ್ಟೆಯ ತುದಿಯಲ್ಲಿ ಹಿಡಿದು ಕುಲುಕಿದ. ಉಳ್ಳಾಗಡ್ಡಿಯನ್ನು ನೆಲದ ಮೇಲಿಟ್ಟು ಮುಷ್ಟಿಯಿಂದ ಒಂದೇ ಏಟಿಗೆ ಒಡೆದ. ಅರೆಗಟ್ಟಿದ ಬಿಲ್ಡಿಂಗ್‌ಗಳ ಕೆಳಗೆ, ಇಟ್ಟಿಗೆಯ ಒಲೆಯ ಮುಂದೆ, ಎಷ್ಟೋ ಸಂಜೆಗಳು ಹೀಗೇ ಕೂತಿದ್ದನಲ್ಲ ಈತ. ಅವಳು ಊರಿನಲ್ಲಿ ಬಾಗಿಲು ಹಾಕಿಕೊಂಡು ಏನೇನೋ ಕಲ್ಪಿಸಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಈತ ಮಾಡುತ್ತಿದ್ದದ್ದು ಇದು. ತಾನು ಎಂದೂ ಕಾಣದ ಆ ಸಂಜೆಗಳ ಮನುಷ್ಯ ಈಗ ನಾಲ್ಕು ಮೊಳದಾಚೆ ಕೂತು ಜುಣಕ ತಿರುವುತ್ತಿದ್ದ. ಕರೆಯಬಾರದು ಎನಿಸಿತು. ಸುಮ್ಮನೆ ನೋಡುತ್ತಿರಬೇಕು.

ಶಾಂತಪ್ಪ ಒಲೆ ಆರಿಸಿದ. ತಟ್ಟೆಗೆ ಜುಣಕ ಹಾಕಿ, ಮಗ್ಗುಲಿಗೆ ಎರಡು ಪಾವ್, ಒಡೆದ ಉಳ್ಳಾಗಡ್ಡಿ, ಒಂದು ಹಸಿಮೆಣಸಿನಕಾಯಿ ಇಟ್ಟ. ಗಂಡ ಉಣ್ಣುವ ಮೊದಲು ಮಲ್ಲಕ್ಕ ಒಂದು ದಿನವೂ ಉಂಡವಳಲ್ಲ. ಸ್ಕ್ಯಾನಿಗೆಂದು ಅವನು ನಿನ್ನೆ ರಾತ್ರಿಯಿಂದ ಉಪವಾಸ. ಜೊತೆಗೆ ತಾನೂ ಉಪವಾಸವೆಂದು ಅವಳು ಹೇಳಿರಲಿಲ್ಲ. ಅವನು ತಟ್ಟೆ ಹಿಡಿದು ಎದ್ದು ಬಂದು ಅವಳೆದುರು ಕೂತ. ಎರಡೂ ಕೈಯಲ್ಲಿ ತಟ್ಟೆಯನ್ನು ಮುಂದೆ ಹಿಡಿದ, ಅವಳು ಇಸಿದುಕೊಳ್ಳುವವರೆಗೂ ಹಾಗೇ ಹಿಡಿದುಕೊಂಡಿದ್ದ.